ಬೆಂಡು ಯಾವ ತುದಿಗೆ

ಹೊರಟದ್ದು

ವಿದೇಶಕ್ಕೆ ಹೋಗಿ ಬಂದವರು ಅರಮನೆ, ಗೋಪುರ, ದೊಡ್ಡ ಸೇತುವೆಗಳ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ಕೆರೆ. ಗುಂಡ್ಲುಪೇಟೆಯಿಂದ ವಿಮಾನ ಹತ್ತಿಕೊಂಡು ಹೋಗಿ ಕೆರೆ ನೋಡಿಕೊಂಡು ಬಂದೆಯಾ ಎಂದು ನಮ್ಮ ಬಸ್ ಸ್ಟ್ಯಾಂಡಿನ ಗೆಳೆಯರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಂಡೀಪುರದ ಕಾಡು ದಾಟಿ ಊಟಿಗೆ ಬಸ್ಸು ಓಡಿಸುತ್ತ ವಯಸ್ಸು ಕಳೆದವನು ನಾನು. ರಸ್ತೆ ಎಷ್ಟು ಉದ್ದವಿದ್ದರೂ ಕೊನೆಗೆ ನೆನಪಿನಲ್ಲಿ ಉಳಿಯುವುದು ಯಾವುದೋ ಒಂದು ತಿರುವು ಎಂಬುದು ನನಗೆ ಗೊತ್ತು.

ಕರೆದವಳು ನಾಗಕ್ಕ, ನನ್ನ ಒಡಹುಟ್ಟಿದ ಅಕ್ಕ. ಮೈಸೂರಿನಲ್ಲಿ ನರ್ಸ್ ಆಗಿದ್ದ ಪುಟ್ಟಸ್ವಾಮಿ ಭಾವನನ್ನು ಮದುವೆಯಾಗಿ, ಅವರಿಗೆ ವೇಲ್ಸ್ ಎಂಬ ಸೀಮೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಹಿಂದೆಯೇ ಹೋದವಳು. ಆಗೊಮ್ಮೆ ಈಗೊಮ್ಮೆ ಊರಿಗೆ ಬರುತ್ತಿದ್ದರು. ಈಚೆಗೆ ಅದೂ ನಿಂತಿತ್ತು. ಒಂದು ಸಂಜೆ ಫೋನಿನಲ್ಲಿ ಅಕ್ಕ ಹೆಚ್ಚು ಮಾತಾಡಲಿಲ್ಲ.

"ನಿಮ್ ಭಾವನ ಕಣ್ಣು ಓಯ್ತಾ ಅದೆ ಕಣ್ಲಾ ಮಾದೇವ. ಒಂದ್ಸಲ ಬಂದೋಗು."

ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಮಗ ಆ ವಾರವೇ ಟಿಕೆಟಿನ ಏರ್ಪಾಡಿಗೆ ಕೂತ. ನನ್ನ ಹೆಂಡತಿ ಹುರುಳಿಕಾಳು, ರಾಗಿ ಹಿಟ್ಟು ಕಟ್ಟಿದಳು, ಮೇಲೆ ಒಂದು ಮಂಕಿ ಕ್ಯಾಪು ಇಟ್ಟಳು. ಜೂನ್ ತಿಂಗಳು, ಅಲ್ಲಿ ಬೇಸಿಗೆ ಎಂದು ಮಗ ಹೇಳಿದ. ಇರಲಿ ಎಂದು ಕ್ಯಾಪನ್ನು ಬ್ಯಾಗಿಗೆ ತುರುಕಿದೆ. ಅಲ್ಲಿ ಇಳಿದ ಗಳಿಗೆಯಿಂದ ಅದನ್ನು ತಲೆಯಿಂದ ತೆಗೆಯಲಿಲ್ಲ. ಅವರ ಬೇಸಿಗೆ ನಮ್ಮ ಗೋಪಾಲಸ್ವಾಮಿ ಬೆಟ್ಟದ ಮಾಘ ಮಾಸದ ಬೆಳಗಿಗಿಂತ ಕಡೆ.

ಅಕ್ಕನ ಅಡಿಗೆಮನೆ

ವೇಲ್ಸಿನಲ್ಲಿ ಬೆಟ್ಟಗಳಿವೆ, ಬೆಟ್ಟದ ತುಂಬ ಕುರಿಗಳಿವೆ, ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು. ಊರಿನ ಹೆಸರು ಹೇಳಲು ನಾನೂ ಪ್ರಯತ್ನಿಸಿದೆ, ನಾಲಿಗೆ ತಿರುಗಲಿಲ್ಲ, ಬಿಟ್ಟೆ.

ಆದರೆ ಅಕ್ಕನ ಅಡಿಗೆಮನೆಯಲ್ಲಿ ಕಾಲಿಟ್ಟರೆ ಅದು ಅಪ್ಪಟ ಗುಂಡ್ಲುಪೇಟೆ. ಅಲ್ಲ, ಈಗಿನ ಗುಂಡ್ಲುಪೇಟೆಯೂ ಅಲ್ಲ. ನಮ್ಮ ಮಕ್ಕಳು ಈಗ ಟಿವಿಯವರ ಹಾಗೆ ಮಾತಾಡುತ್ತಾರೆ. ಅಕ್ಕನ ಬಾಯಲ್ಲಿ ಮಾತ್ರ ನಮ್ಮವ್ವನ ಮಾತು ಹಾಗೇ ಕೂತಿದೆ. "ಉಣ್ಣಾಕ್ ಕುಂತ್ಕಳಾ, ಮುದ್ದೆ ತಣ್ಗಾಯ್ತದೆ" ಎಂದಾಗ ನಾನು ಚಿಕ್ಕ ಹುಡುಗನ ಹಾಗೆ ಓಡಿ ಹೋಗಿ ಕೂತೆ. ಅವ್ವ ಹೋದ ಮೇಲೆ ಆ ರಾಗದಲ್ಲಿ ಯಾರೂ ನನ್ನನ್ನು ಊಟಕ್ಕೆ ಕರೆದಿರಲಿಲ್ಲ.

ಭಾವ ನನ್ನನ್ನು ಅಪ್ಪಿಕೊಂಡರು. ಆಮೇಲೆ ನನ್ನ ಕಿವಿಯನ್ನು ನೋಡುತ್ತ ಮಾತಾಡಿದರು. ಯಾಕೆ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ನನಗೆ ಕಸಿವಿಸಿ. ಅಕ್ಕ ಆಮೇಲೆ ಬಿಡಿಸಿ ಹೇಳಿದಳು. ಅವರ ನೋಟದ ನಡುಭಾಗ ಅಳಿಸಿಹೋಗಿದೆ, ಅಂಚು ಮಾತ್ರ ಉಳಿದಿದೆ. ನೇರ ನೋಡಿದರೆ ಮುಖದ ಜಾಗದಲ್ಲಿ ಮಬ್ಬು, ಪಕ್ಕಕ್ಕೆ ನೋಡಿದರೆ ಅಲ್ಪಸ್ವಲ್ಪ ಕಾಣುತ್ತದೆ. ಅದೂ ದಿನದಿನಕ್ಕೆ ಕಡಿಮೆಯಾಗುತ್ತಿದೆ.

ಭಾವನಿಗೆ ಇದ್ದ ಒಂದೇ ಹುಚ್ಚು ಮೀನು ಹಿಡಿಯುವುದು. ಬೆಟ್ಟದ ಮೇಲಿನ ಒಂದು ಕೆರೆಯಲ್ಲಿ ಟ್ರೌಟ್ ಎಂಬ ಮೀನು. ಇಷ್ಟು ವರ್ಷ ದೋಣಿಯಲ್ಲಿ ಜೊತೆಗೆ ಕೂರುತ್ತಿದ್ದ ಗೆಳೆಯ ಮಗಳ ಊರಿಗೆ ಹೋಗಿ ನೆಲೆಸಿದ. ಕಣ್ಣು ಕಾಣದವರನ್ನು ಒಬ್ಬರನ್ನೇ ದೋಣಿಗೆ ಬಿಡುವುದಿಲ್ಲ, ಅದು ಅಲ್ಲಿನ ನಿಯಮ. ಈ ವರ್ಷ ಭಾವ ದಡದಿಂದಲೇ ಕೆಲವು ಸಲ ಪ್ರಯತ್ನ ಮಾಡಿ ಬರಿಗೈಯಲ್ಲಿ ಬಂದಿದ್ದರು.

ಪಾತ್ರೆ ತೊಳೆಯುತ್ತ ಅಕ್ಕ ದನಿ ತಗ್ಗಿಸಿ ಹೇಳಿದಳು. "ಮೀನ್ ಹಿಡ್ಯೋ ಕೋಲ್ನೆಲ್ಲ ಯಾರ್ಗಾರ ಕೊಟ್ಬುಡು ಅಂದ್ರು ಮೊನ್ನೆ. ನಂಗೆ ಎದೆ ಧಸಕ್ ಅಂತು. ಮನೇಲಿ ಕುರ್ಚಿ ಮ್ಯಾಲೆ ಕುಂತ್ಬುಟ್ರೆ ಮುಗೀತು ಕಣ್ಲಾ, ಆಮೇಲೆ ಏಳಕಿಲ್ಲ ಅವ್ರು. ನೀನ್ ದೋಣಿಲಿ ಜತೆಗೋಗು. ಒಂದೇ ಒಂದು ಮೀನು ಸಿಕ್ಕುದ್ರೆ ಸಾಕು."

"ನೀನೇ ಹೋಗಬಹುದಿತ್ತಲ್ಲಕ್ಕ?"

"ನಾನಾ? ನೀರ್ಗಾ?" ಎಂದು ಅಕ್ಕ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. ಬಾವಿಯಲ್ಲಿ ಬಗ್ಗಿ ನೋಡಲೂ ಹೆದರುತ್ತಿದ್ದವಳು ಅವಳು. ಇಷ್ಟು ವರ್ಷವೂ ಭಾವ ದೋಣಿಯಲ್ಲಿದ್ದರೆ ಅವಳು ದಡದಲ್ಲಿ ಫ್ಲಾಸ್ಕು ಹಿಡಿದು ಸ್ವೆಟರ್ ಹೆಣೆಯುತ್ತ ಕೂತವಳು.

ಊಟದ ಮೇಜು

ಆ ಸಂಜೆ ಭಾವ ನನಗೆ ಪಾಠ ಶುರು ಮಾಡಿದರು. ನಮ್ಮ ಹಾಗೆ ಎರೆಹುಳು ಚುಚ್ಚುವುದಲ್ಲ ಇದು. ಚಿಕ್ಕ ಗಾಳದ ಸುತ್ತ ಕೋಳಿ ಪುಕ್ಕ, ಮೊಲದ ರೋಮ, ಬಣ್ಣದ ನೂಲು ಸುತ್ತಿ ಹುಳುವಿನ ಹಾಗೆ ಮಾಡುತ್ತಾರೆ. ಅದಕ್ಕೆ ಫ್ಲೈ ಅಂತ ಹೆಸರು, ಅಂದರೆ ನೊಣ. ಎಲ್ಲವೂ ಭಾವ ಕಣ್ಣು ನೆಟ್ಟಗಿದ್ದ ಕಾಲದಲ್ಲಿ ತಾವೇ ಕಟ್ಟಿದ್ದವು. ಡಬ್ಬಿ ತೆಗೆದಾಗ ನಮ್ಮ ಹೆಂಗಸರ ಓಲೆ ಪೆಟ್ಟಿಗೆ ತೆಗೆದ ಹಾಗಾಯಿತು.

ದಪ್ಪ ದಾರದ ಕೊನೆಗೆ ಕೂದಲಿನಂಥ ತೆಳು ದಾರ, ಅದರಲ್ಲಿ ಮೂರು ನೊಣ, ಮಾರುದ್ದಕ್ಕೆ ಒಂದರಂತೆ. ಎರಡು ನೀರಿನಲ್ಲಿ ಮುಳುಗುವಂಥವು. ಮೂರನೆಯದಕ್ಕೆ ಮಾತ್ರ ಕಣ್ಣಿನ ಜಾಗದಲ್ಲಿ ಎರಡು ಸ್ಪಂಜಿನ ಗುಂಡು, ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡು. ಅದು ತೇಲುತ್ತದೆ.

"ತೇಲೋದ್ನ ಕೊಟ್ಟಕೊನೆ ತುದೀಗೆ ಕಟ್ಬೇಕು," ಎಂದರು ಭಾವ. "ಮುಳ್ಗೋವು ನಡುವ್ಕೆ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ಒಳಗೊಳಗೇ ಮನಸ್ಸಿಗೆ ಪಿಚ್ಚೆನಿಸಿತು. ಯಾಕೆಂದರೆ ತೇಲುವ ಬೆಂಡು ಎಲ್ಲಿರಬೇಕು ಎಂದು ನನಗೆ ಕಲಿಸಿದವರೇ ಈ ಭಾವ.

ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಬಂದ ಅಳಿಯ, ಇಸ್ತ್ರಿ ಪ್ಯಾಂಟು ಮಡಿಸಿಕೊಂಡು ನಮ್ಮೂರ ಕೆರೆ ಏರಿಯ ಮೇಲೆ ಕೂತುಬಿಡುತ್ತಿದ್ದರು. ಆಗಷ್ಟೇ ನಮ್ಮ ಕಡೆ ಸೂರ್ಯಕಾಂತಿ ಹಾಕಲು ಶುರು ಮಾಡಿದ್ದರು. ಕೊಯ್ಲಾದ ಮೇಲೆ ಒಣಗಿದ ದಂಟು ಸೀಳಿದರೆ ಒಳಗೆ ಬೆಳ್ಳನೆ ಹಗುರವಾದ ತಿರುಳು. ಅದನ್ನು ಬೆರಳುದ್ದ ಕತ್ತರಿಸಿ ದಾರಕ್ಕೆ ಸಿಕ್ಕಿಸಿದರೆ ಅದೇ ಬೆಂಡು. ಜೇಬಿನ ತುಂಬ ಬೆಂಡು ತುಂಬಿಕೊಂಡು ನಾನು ಭಾವನ ಹಿಂದೆ ಓಡುತ್ತಿದ್ದೆ. ಒಂದು ಸಲ ಗಾಳದ ಪಕ್ಕಕ್ಕೇ ಬೆಂಡು ಕಟ್ಟಿದ್ದಕ್ಕೆ ನನ್ನ ಕಿವಿ ಹಿಂಡಿ, "ಬೆಂಡು ಮೇಲೆ, ಗಾಳ ಕೆಳ್ಗೆ. ಯಾವತ್ತೂ ಮರೀಬ್ಯಾಡ" ಎಂದಿದ್ದರು. ಜಿಲೇಬಿ ಮೀನು ಕಚ್ಚಿದಾಗ ಬೆಂಡು ಒಂದು ಸಲ ನಡುಗಿ, ಆಮೇಲೆ ಪುಳಕ್ಕನೆ ಮುಳುಗುವುದಿತ್ತಲ್ಲ, ಅದನ್ನು ನೋಡುವ ಸಂತೋಷದ ಮುಂದೆ ಮೀನಿನ ಸಾರು ಏನೂ ಅಲ್ಲ. ಮೊದಲ ಮೀನು ಸಿಕ್ಕರೆ ನಾವು ತಿನ್ನುತ್ತಿರಲಿಲ್ಲ, ಗಂಗಮ್ಮನ ಪಾಲು ಎಂದು ನೀರಿಗೇ ಬಿಡುತ್ತಿದ್ದೆವು. ಆ ಕೆರೆಯ ಪಕ್ಕದಲ್ಲಿ ಈಗ ಈರುಳ್ಳಿ ಲಾರಿಗಳು ಸಾಲಾಗಿ ನಿಲ್ಲುತ್ತವೆ.

ಅಂಥ ಭಾವ ಈಗ ಬೆಂಡನ್ನು ತುದಿಗೆ ಕಟ್ಟು ಎನ್ನುತ್ತಿದ್ದಾರೆ. ಪಾಪ, ಕಣ್ಣಿನ ಜೊತೆ ತಲೆಯೂ ಸಡಿಲವಾಗುತ್ತಿದೆ ಎಂದುಕೊಂಡೆ. ಎದುರಿಗೆ ಹೇಳಿ ನೋಯಿಸುವುದು ಬೇಡ ಎನಿಸಿತು. ಬಾಯಿ ಮುಚ್ಚಿಕೊಂಡು ತೇಲುವ ನೊಣವನ್ನು ಮೇಲುಗಡೆ, ದಪ್ಪ ದಾರದ ಹತ್ತಿರ ಕಟ್ಟಿದೆ. ಮುಳುಗುವ ಎರಡನ್ನು ಕೆಳಗೆ ಬಿಟ್ಟೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಮಲಗಿದೆ.

ದೋಣಿಕಟ್ಟೆ

ಬೆಳಿಗ್ಗೆ ಅಕ್ಕ ಕಾರು ಓಡಿಸಿಕೊಂಡು ನಮ್ಮನ್ನು ಬೆಟ್ಟದ ಮೇಲೆ ಕರೆದುಕೊಂಡು ಹೋದಳು. ನನ್ನಂಥ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಕುರಿಗೂ ಹಾರನ್ ಹೊಡೆಯದೆ. ಅಲ್ಲಿ ಹಾರನ್ ಹೊಡೆಯುವುದೆಂದರೆ ಬೈದ ಹಾಗಂತೆ. ಆ ಲೆಕ್ಕದಲ್ಲಿ ನಾನು ನೀಲಗಿರಿ ಘಾಟಿಯನ್ನೆಲ್ಲ ಬೈದುಕೊಂಡೇ ಹತ್ತಿದ್ದೇನೆ.

ಕೆರೆ ದೊಡ್ಡದು. ಒಂದು ತುದಿಗೆ ಕಲ್ಲಿನ ಅಣೆಕಟ್ಟು, ಸುತ್ತ ಬೋಳು ಗುಡ್ಡ. ದೋಣಿಗಳನ್ನು ನೋಡಿಕೊಳ್ಳುವವನ ಹೆಸರು ಗ್ಯಾರೆತ್, ಕೆಂಪು ಮೂಗಿನ ಮುದುಕ. ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಮಗೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದ. ಆಮೇಲೆ ನಾನು ಕಟ್ಟಿದ ದಾರವನ್ನು ನೋಡಿದ. ಬಗ್ಗಿ ಇನ್ನೊಂದು ಸಲ ನೋಡಿದ. ನನ್ನ ಮುಖ ನೋಡಿ ತಲೆಯಾಡಿಸಿ, "ಇಂಟರೆಸ್ಟಿಂಗ್" ಎಂದ.

ನಾನು ಥ್ಯಾಂಕ್ಯೂ ಎಂದೆ. ಬಿಳಿಯರ ಬಾಯಲ್ಲಿ ಮೆಚ್ಚುಗೆ ಸಿಕ್ಕಿತಲ್ಲ ಎಂದು ಎದೆ ಒಂದು ಗೇಣು ಉಬ್ಬಿತು. ಅವರಲ್ಲಿ ಆ ಮಾತಿಗೆ ಏನರ್ಥ ಎಂದು ಅಕ್ಕ ಆಮೇಲೆ ನಕ್ಕೂ ನಕ್ಕೂ ಹೇಳಿದಳು. ನೀನು ಮಾಡಿದ್ದು ಶುದ್ಧ ತಪ್ಪು, ಆದರೆ ಅದನ್ನು ಹೇಳುವಷ್ಟು ಮರ್ಯಾದೆಗೆಟ್ಟವನಲ್ಲ ನಾನು ಎಂದರ್ಥ. ನಮ್ಮ ಕೆರೆ ಏರಿಯ ಮೇಲಾಗಿದ್ದರೆ ಹತ್ತು ಜನ ಸೇರಿ, "ಯಾವನ್ಲಾ ಇವ್ನು, ಬೆಂಡ್ ಕಟ್ಟಾಕೂ ಬರಕಿಲ್ಲ" ಎಂದು ಕಿತ್ತು ಬೇರೆ ಕಟ್ಟಿಸಿಯೇ ಬಿಡುತ್ತಿದ್ದರು. ನಮ್ಮ ಜನರ ಅಧಿಕಪ್ರಸಂಗಕ್ಕೂ ಒಂದು ಬೆಲೆಯಿದೆ ಎಂದು ನನಗೆ ಆ ದಿನ ತಿಳಿಯಿತು.

ನಡು ನೀರು

ಹುಟ್ಟು ಹಾಕುವುದು ನನ್ನ ಪಾಲಿಗೆ ಬಂತು. ದೋಣಿಯಂಥ ವಾಹನವನ್ನು ನಾನು ಕಂಡಿಲ್ಲ. ಸ್ಟೀರಿಂಗಿಲ್ಲ, ಬ್ರೇಕಿಲ್ಲ, ಸಾಲದ್ದಕ್ಕೆ ಹೋಗುವ ಕಡೆಗೆ ಬೆನ್ನು ಹಾಕಿಕೊಂಡು ಓಡಿಸಬೇಕು. ಮೊದಲು ಗಾಣದೆತ್ತಿನ ಹಾಗೆ ಕಟ್ಟೆಯ ಪಕ್ಕದಲ್ಲೇ ಸುತ್ತಿದೆವು. ದಡದಲ್ಲಿದ್ದ ಅಷ್ಟೂ ಜನ ಬೇರೆ ಕಡೆ ಮುಖ ತಿರುಗಿಸಿಕೊಂಡು ನನ್ನ ಮಾನ ಕಾಪಾಡಿದರು.

ಗಾಳಿಗೆ ದೋಣಿಯನ್ನು ಅಡ್ಡ ಬಿಟ್ಟು, ಅದು ತೇಲುತ್ತ ಹೋಗುವಾಗ ಮುಂದಕ್ಕೆ ದಾರ ಎಸೆಯುವುದು ಅಲ್ಲಿನ ಪದ್ಧತಿ. ಭಾವ ಎದ್ದು ನಿಲ್ಲಲಿಲ್ಲ, ಕೂತಲ್ಲೇ ಕೋಲು ಬೀಸಿದರು. ಏನು ಕೈ ಅದು! ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಬಿಚ್ಚಿಕೊಂಡು, ಮತ್ತೆ ಮುಂದೆ ಬಂದು ಸದ್ದಿಲ್ಲದೆ ನೀರಿನ ಮೇಲೆ ಮಲಗಿತು. ಆ ಕೈಗೆ ಕಣ್ಣು ಬೇಕಾಗಿರಲಿಲ್ಲ.

"ಮೀನ್ ಎಲ್ಲೇಳ್ತಾ ಅವೆ ನೋಡ್ಕಂಡು ನಂಗೇಳು," ಎಂದರು.

ನೀರಿನ ಮೇಲೆ ಅಲ್ಲಲ್ಲಿ ಉಂಗುರ ಏಳುತ್ತಿತ್ತು. ಬಲಗಡೆ ಭಾವ, ಇನ್ನೂ ದೂರ ಭಾವ ಎಂದು ಹೇಳುತ್ತ ಹೋದೆ. ಅವರು ಎಸೆಯುತ್ತ ಹೋದರು. ಮೀನು ನಮ್ಮ ಸುತ್ತಲೇ ಏಳುತ್ತಿತ್ತು, ನಮ್ಮ ದಾರದ ಪಕ್ಕದಲ್ಲೇ ಬಾಯಿ ಕಳೆಯುತ್ತಿತ್ತು, ನಮ್ಮ ನೊಣವನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಉಳಿದ ದೋಣಿಗಳಲ್ಲಿ ಕೋಲು ಬಾಗುವುದು ಕಾಣುತ್ತಿತ್ತು. ಅಕ್ಕ ಕೊಟ್ಟ ಚಪಾತಿ ತಿಂದೆವು. ಮತ್ತೆ ಎಸೆದರು. ಮಧ್ಯಾಹ್ನವಾಯಿತು.

ಭಾವ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ದಾರ ಸರಿಯಾಗ್ ಬೀಳ್ತಾ ಇಲ್ಲ ಅನ್ನುಸ್ತದೆ. ಏನೋ ಭಾರ ಬ್ಯಾರೆ ಆಗದೆ. ಕಣ್ ಓದ್ರೂ ಕೈ ಅದೆ ಅನ್ಕಂಡಿದ್ದೆ ಕಣಯ್ಯಾ. ಕೈಯೂ ಓಯ್ತು."

ಆ ಮಾತು ಕೇಳಿ ನನಗೆ ಅಳುವೇ ಬಂತು. ಇವರ ಬೆನ್ನ ಹಿಂದೆ ಓಡುತ್ತ ನಾನು ಬೆಳೆದದ್ದು. "ಇನ್ನೊಂದು ಸಲ ಎಸೀರಿ ಭಾವ, ಇಲ್ಲೇ ಮುಂದೆ ಎದ್ದಿದೆ" ಎಂದು ಬಲವಂತ ಮಾಡಿದೆ. ಅವರು ಬೇಸರದಿಂದ ಬೀಸಿದರು. ಅದೇ ಹೊತ್ತಿಗೆ ನಾನು ಮೀನು ನೋಡಲು ಎದ್ದೆ. ಹಿಂದಕ್ಕೆ ಹೋದ ದಾರ ಮುಂದೆ ಬರಲಿಲ್ಲ. ಗಾಳ ನನ್ನ ಮಂಕಿ ಕ್ಯಾಪಿಗೆ ಸಿಕ್ಕಿಕೊಂಡಿತ್ತು.

"ಅಲ್ಲಾಡ್ಬ್ಯಾಡ," ಎಂದು ಭಾವ ಕೋಲು ಕೆಳಗಿಟ್ಟು, ದಪ್ಪ ದಾರದಿಂದ ಶುರು ಮಾಡಿ ಬೆರಳಿನಲ್ಲೇ ಹಿಡಿದುಕೊಂಡು ನನ್ನ ತಲೆಯ ಕಡೆಗೆ ಬಂದರು. ನನ್ನ ತಲೆ ಸಿಗುವ ಮೊದಲೇ ಬೆರಳು ನಿಂತಿತು. ಸ್ಪಂಜಿನ ಗುಂಡನ್ನು ಹಿಚುಕಿ ನೋಡಿದರು.

"ಇದ್ಯಾಕ್ಲಾ ಇಲ್ಲದೆ?"

ನಾನು "ಬೆಂಡು ಮೇಲಿರಬೇಕಲ್ವಾ ಭಾವ" ಎಂದೆ.

ಭಾವ ಆ ಗುಂಡನ್ನು ಇನ್ನೊಂದು ಸಲ ಹಿಚುಕಿದರು. ಆಮೇಲೆ ಶುರುವಾಯಿತು ನೋಡಿ ಅವರ ನಗು. ದೋಣಿ ಅಲ್ಲಾಡಿತು. ಪಕ್ಕದ ದೋಣಿಯವರು ತಿರುಗಿ ನೋಡಿ, ನೋಡಿದ್ದಕ್ಕೆ ಸಾರಿ ಎಂದರು. ಭಾವ ಕಣ್ಣೊರೆಸಿಕೊಂಡು, "ಇನ್ನೂ ನಮ್ ಕೆರೆ ಏರಿ ಮ್ಯಾಲೇ ಕುಂತಿದ್ದೀಯಲ್ಲೋ. ಕಿವಿ ಹಿಂಡಿ ಏಳ್ಕೊಟ್ಟೋನು ನಾನೇ, ಯಾರ್ನ ಬಯ್ಯನ ಈಗ?" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಈ ಮೀನು ಹುಳು ತಿನ್ನಲು ಮೇಲೆ ಬರುತ್ತದೆ. ನೀರಿನ ಮುಖದಿಂದ ಒಂದು ಗೇಣು ಕೆಳಗಷ್ಟೇ ಅದರ ಊಟ. ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಕಡೆ ಕಂಬ ಇರುವಂತೆ, ಈ ಕಡೆ ದಪ್ಪ ದಾರ ತೇಲುತ್ತದೆ, ಆ ತುದಿಗೆ ಬೆಂಡಿನ ನೊಣ ತೇಲುತ್ತದೆ, ನಡುವಿನ ಎರಡು ಬಟ್ಟೆಯ ಹಾಗೆ ಅದೇ ಒಂದು ಗೇಣಿನಲ್ಲಿ ಜೋತಾಡುತ್ತವೆ. ನಾನು ಒಂದು ಕಂಬವನ್ನೇ ಕಿತ್ತು ಇನ್ನೊಂದರ ಪಕ್ಕದಲ್ಲಿ ನೆಟ್ಟಿದ್ದೆ. ಬಟ್ಟೆಯೆಲ್ಲ ಬೆಳಗಿನಿಂದ ಕೆಸರಿನಲ್ಲಿ ಬಿದ್ದಿತ್ತು.

"ಅಂಗಾರೆ ಕೈ ಓಗಿಲ್ಲ," ಎಂದರು ಭಾವ ತಮಗೆ ತಾವೇ. "ಕೈ ಅದೆ."

ಎಲ್ಲ ಬಿಚ್ಚಿ, ಅವರು ಹೇಳಿದ ಹಾಗೆ ಕಟ್ಟಿದೆ. ಭಾವ ಪ್ರತಿ ಗಂಟನ್ನೂ ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಎಳೆದು ನೋಡಿದರು.

ಕೆಂಪು ಚುಕ್ಕೆ

ಮೀನು ಕಚ್ಚಿದ್ದು ನನಗೆ ಕಾಣಲೇ ಇಲ್ಲ. ನಾನು ಹಳೆಯ ಚಾಳಿಯಂತೆ ಬೆಂಡು ಮುಳುಗುವುದನ್ನು ಕಾಯುತ್ತಿದ್ದೆ. ಭಾವನ ಎಡಗೈ ದಾರವನ್ನು ಇರುವೆ ನಡೆದ ಹಾಗೆ ಎಳೆದುಕೊಳ್ಳುತ್ತಿತ್ತು, ತಟ್ಟನೆ ನಿಂತಿತು. ಕೋಲು ಬಿಲ್ಲಾಯಿತು. ಮೀನು ಒಂದು ಸಲ ನೀರಿನಿಂದ ಮೇಲೆದ್ದು ಬಿತ್ತು.

"ಎಷ್ಟುದ್ದ ಅದೆ? ಎಷ್ಟುದ್ದ ಅದ್ಲಾ?"

"ಮೊಳಕ್ಕೆ ಸ್ವಲ್ಪ ಕಡಿಮೆ ಭಾವ! ಎಡಕ್ಕೆ ಹೋಗ್ತಿದೆ, ದೋಣಿ ಅಡಿಗೆ ಬರ್ತಿದೆ!"

ಘಾಟಿಯಲ್ಲಿ ಬಸ್ಸಿಗೆ ಒಂಟಿ ಸಲಗ ಅಡ್ಡ ನಿಂತಾಗಲೂ ನಾನು ಇಷ್ಟು ಕಿರುಚಿರಲಿಲ್ಲ. ಇಡೀ ಕೆರೆಗೆ ನನ್ನ ಕನ್ನಡ ಕೇಳಿಸಿರಬೇಕು. ಕೊನೆಗೆ ಕೈಬಲೆಯನ್ನು ನೀರಿಗೆ ಅದ್ದಿ ಹಿಡಿದೆ, ಭಾವ ಮೀನನ್ನು ಅದರ ಮೇಲೆ ನಡೆಸಿಕೊಂಡು ಬಂದರು.

ಬಲೆ ನೀರಿನಲ್ಲೇ ಇತ್ತು. ಭಾವ ದೋಣಿಯ ಅಂಚಿಗೆ ಬಗ್ಗಿ ಕೈ ಒದ್ದೆ ಮಾಡಿಕೊಂಡು ಮೀನಿನ ಹೊಟ್ಟೆಯ ಅಡಿಗೆ ಇಟ್ಟರು. "ಬಣ್ಣ ಏಳು" ಎಂದರು. ಬೆನ್ನು ಎಮ್ಮೆಗರುವಿನ ಬಣ್ಣ, ಹೊಟ್ಟೆ ಬೆಣ್ಣೆ, ಪಕ್ಕದಲ್ಲಿ ಕುಂಕುಮದ ಚುಕ್ಕೆ ಎಂದೆ. "ಚುಕ್ಕೆ ಎಲ್ಲೆಲ್ಲಿ?" ಎಂದರು. ನಾನು ಅವರ ತೋರುಬೆರಳು ಹಿಡಿದು ಒಂದೊಂದು ಚುಕ್ಕೆಯ ಮೇಲೂ ಮೆಲ್ಲಗೆ ಇಟ್ಟೆ. ಮೀನು ಕಿವಿರು ಆಡಿಸುತ್ತ ಸುಮ್ಮನಿತ್ತು. ಭಾವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು.

ಆಮೇಲೆ ಗಾಳ ಬಿಡಿಸಿ, ಬಲೆ ಬಗ್ಗಿಸಿದರು. ಅದು ಬಾಲ ಒಮ್ಮೆ ಬೀಸಿ ಕತ್ತಲೆಗೆ ಇಳಿದುಹೋಯಿತು. ಅಲ್ಲಿ ಹಿಡಿದ ಮೀನನ್ನೆಲ್ಲ ಬಿಟ್ಟುಬಿಡುತ್ತಾರೆ. "ಇಲ್ಲಿ ಎಲ್ಲಾನೂವೆ ಗಂಗಮ್ಮನ ಪಾಲು ಕಣ್ಲಾ" ಎಂದು ಭಾವ ನಕ್ಕರು.

ಅವರ ಮುಖದಲ್ಲಿ ಬೆಳಕಿತ್ತು. ನನಗೆ ಸುಮ್ಮನಿರಲು ಬರಲಿಲ್ಲ. "ನಾನು ಬರುವ ವಾರ ಊರಿಗೆ ಹೋಗಬೇಕು. ಆಮೇಲೆ ಏನು ಮಾಡ್ತೀರಿ ಭಾವ?" ಎಂದು ಕೇಳಿಬಿಟ್ಟೆ.

"ಏನ್ ಮಾಡದು? ಕೈ ಅದೆ ಅಂತ ಗೊತ್ತಾಯ್ತಲ್ಲ, ಅಷ್ಟ್ ಸಾಕು. ಕೋಲ್ ಬಿಚ್ಚಿ ಚೀಲ್ಕಾಕು. ದಡಕ್ಕೋಗನ." ಎಂದು ನನ್ನನ್ನು ಜರುಗಿಸಿ ತಾವೇ ಹುಟ್ಟು ಹಿಡಿದರು. ನಾನು ಬೇಡವೆಂದೆ. "ಮುಂದ್ಕೆ ನೋಡೋ ಅಂಗೇ ಇಲ್ದಿರೋ ಕೆಲ್ಸ. ನಂಗ್ ಮಾಡ್ಸಿದ್ದಂಗದೆ. ನೀನ್ ಎಡ ಬಲ ಏಳ್ತಿರು" ಎಂದರು. ದೋಣಿ ಗೆರೆ ಎಳೆದ ಹಾಗೆ ಸಾಗಿತು.

ದಡ

ಅಕ್ಕ ಹೆಣಿಗೆ ಬಿಟ್ಟು ನೀರಿನ ಅಂಚಿಗೆ ಬಂದು ನಿಂತಿದ್ದಳು. ಭಾವ ಹುಟ್ಟು ಹಾಕುವುದನ್ನು ಕಂಡು ನನ್ನನ್ನು ಚೆನ್ನಾಗಿ ಬೈದಳು. ಮೀನು ಸಿಕ್ಕಿತು ಎಂದಾಗ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ದಡಕ್ಕಿಳಿದ ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದಳು. ಕೋಲಿನ ತುಂಡುಗಳನ್ನು ಬಿಚ್ಚಿ ಅದರೊಳಗೆ ಕಟ್ಟಿದ್ದೆ.

"ಇಷ್ಟೊತ್ಗೇ ಯಾಕ್ ಕಟ್ಟಿದ್ದು? ಬೆಳಕ್ ಬೇಕಾದಷ್ಟದಲ್ಲ."

"ಸಾಕು ಕಣಮ್ಮಿ," ಎಂದರು ಭಾವ, ದೋಣಿಯಲ್ಲೇ ಕೂತು. "ಗ್ಯಾರೆತ್‌ಗೆ ಕೊಟ್ಬುಡು. ಯಾರಾರ ಬೇಕಾದೋರ್ಗೆ ಆಯ್ತದೆ. ಇವ್ನು ಓದ್ಮೇಲೆ ನನ್ ಜತೆ ಯಾರ್ ಕುಂತ್ಕತಾರೆ?"

ಅಕ್ಕ ಕೆರೆಯನ್ನು ನೋಡಿದಳು. ಭಾವನ ಬೆನ್ನನ್ನು ನೋಡಿದಳು.

"ಬಿಚ್ಲಾ ಜಾಕೀಟ," ಎಂದಳು ನನಗೆ.

ನಾನು ಒದ್ದೆಯಾಗಿದ್ದೇನೆಂದು ಹೇಳುತ್ತಿದ್ದಾಳೆ ಅಂದುಕೊಂಡು ಬಿಚ್ಚಿ ಕೊಟ್ಟೆ. ಅಕ್ಕ ಅದನ್ನು ಸ್ವೆಟರಿನ ಮೇಲೆ ತಾನೇ ತೊಟ್ಟುಕೊಂಡು, ಪಟ್ಟಿಗಳನ್ನೆಲ್ಲ ಬಿಗಿದು, ಸಾಲದೆಂದು ಇನ್ನೊಂದು ಸಲ ಬಿಗಿದಳು. ನನ್ನ ಕೈಯಿಂದ ಚೀಲ ಕಿತ್ತುಕೊಂಡಳು. ಗ್ಯಾರೆತ್ ಓಡಿ ಬಂದು ದೋಣಿ ಹಿಡಿದುಕೊಂಡ. ಅವಳು ನನ್ನ ಭುಜವನ್ನು ಉಗುರು ನಾಟುವ ಹಾಗೆ ಹಿಡಿದು ಒಂದು ಕಾಲಿಟ್ಟಳು. ದೋಣಿ ಹೊಯ್ದಾಡಿತು. "ಅಯ್ಯೋ ನಮ್ಮವ್ವಾ" ಎಂದಳು. ಇನ್ನೊಂದು ಕಾಲನ್ನೂ ಇಟ್ಟಳು.

"ಅಮ್ಮೀ," ಎಂದರು ಭಾವ. "ನಿಂಗೆ ನೀರಂದ್ರೆ ಆಗಾಕಿಲ್ವಲ್ಲ."

"ಆಗಾಕಿಲ್ಲ. ಈಗ್ಲೂ ಆಗಾಕಿಲ್ಲ. ನೀವ್ ಬಾಯ್ ಮುಚ್ಕಂಡು ಹುಟ್ಟಾಕಿ."

ಗ್ಯಾರೆತ್ ದೋಣಿಯನ್ನು ಮೆಲ್ಲಗೆ ನೂಕಿದ. ಅಕ್ಕ ಎರಡೂ ಕೈಯಲ್ಲಿ ದೋಣಿಯ ಅಂಚನ್ನು ಕಚ್ಚಿ ಹಿಡಿದಿದ್ದಳು. ಬೆರಳಿನ ಗೆಣ್ಣು ಬಿಳಿಚಿದ್ದು ನನಗೆ ದಡದಿಂದಲೂ ಕಾಣುತ್ತಿತ್ತು. ನಾನು ಎಲ್ಲರೆದುರು ಅತ್ತೆ, ನಾಚಿಕೆಯಾಗಲಿಲ್ಲ. ಆ ಸದ್ದಿಲ್ಲದ ಕೆರೆಯ ಮೇಲೆ, ಪಿಸುಮಾತಿನ ಆ ಜನರ ನಡುವೆ, ನಮ್ಮಕ್ಕನ ದನಿ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು.

"ಎಡಕ್ಕೆ ರೀ... ಇನ್ನೂ ಎಡಕ್ಕೆ... ಅಕೋ, ಅಲ್ಲೊಂದು ಎದ್ದದೆ ನೋಡಿ!"